ಈ ವಾರದ ತಪ್ಪು

ನಮ್ಮ ಶಾಲೆಯಲ್ಲಿ ನಾವು ಹದಿನಾಲ್ಕು ಜನ ಮೇಷ್ಟ್ರುಗಳಿದ್ದೇವೆ. ನಮ್ಮಲ್ಲಿ ಒಬ್ಬರೂ ತಪ್ಪು ಮಾಡಿದವರಲ್ಲ. ಇದು ಜಂಬದ ಮಾತಲ್ಲ, ದಾಖಲೆಯ ಮಾತು. ಶಾಲೆ ಶುರುವಾದ ದಿನದಿಂದ ಇಲ್ಲಿ ಆಗಿರುವ ತಪ್ಪುಗಳನ್ನೆಲ್ಲ ಮಕ್ಕಳೇ ಮಾಡಿದ್ದಾರೆ. ಬೇಕಾದವರು ಹಳೆಯ ಉತ್ತರಪತ್ರಿಕೆಗಳನ್ನು ತೆಗೆದು ನೋಡಬಹುದು, ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟಿದ್ದೇವೆ. ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ನಮ್ಮ ಹೆಡ್ ಮಾಸ್ಟರು ಮೂರು ದಿನದ ತರಬೇತಿಗೆ ಹೋಗಿ ಬಂದರು.

ಬರುವಾಗ ಒಂದು ನೀಲಿ ಫೈಲು, ಒಂದು ನೀರಿನ ಬಾಟಲಿ ಮತ್ತು ಒಂದು ವಿಚಾರ ತಂದರು. ಫೈಲು, ಬಾಟಲಿಗಳನ್ನು ಮನೆಗೆ ಒಯ್ದರು. ವಿಚಾರವನ್ನು ನಮಗೆ ಬಿಟ್ಟರು.

"ನೋಡಿ, ಶಿಕ್ಷಕರೂ ಮನುಷ್ಯರೇ," ಎಂದರು ಸಭೆಯಲ್ಲಿ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಕ್ಲಾಸಲ್ಲಿ ನಾವೂ ತಪ್ಪು ಮಾಡ್ತೀವಿ. ಅದನ್ನ ಒಪ್ಕೊಂಡ್ರೆ ನಾವೂ ಕಲೀತೀವಿ, ಮಕ್ಕಳೂ ಕಲೀತಾರೆ. ಅದಕ್ಕೆ ಇವತ್ತಿಂದ ಒಂದು ಪುಸ್ತಕ ಇಡ್ತಿದ್ದೀನಿ. ಪ್ರತಿ ಶುಕ್ರವಾರ ಒಬ್ಬೊಬ್ಬರೂ ಒಂದೊಂದು ತಪ್ಪು ಬರೆದು ಸಹಿ ಹಾಕ್ಬೇಕು. ಮುಂದಿನ ತಿಂಗಳು ಇಲಾಖೆ ಸಾಹೇಬರು ಬಂದು ನೋಡ್ತಾರೆ. ತಪ್ಪು ಮಾಡದೇ ಇದ್ದವರ ಮೇಲೆ ಕ್ರಮ ತಗೋಬೇಕಾಗುತ್ತೆ."

ಪುಸ್ತಕ ಚೆನ್ನಾಗಿಯೇ ಇತ್ತು. ಗಟ್ಟಿ ರಟ್ಟು, ಒಳಗೆ ನಾಲ್ಕು ಕಾಲಂ: ದಿನಾಂಕ, ಮಾಡಿದ ತಪ್ಪು, ಕಲಿತ ಪಾಠ, ಸಹಿ. ಶುಕ್ರವಾರ ಮೂರನೇ ಗಂಟೆ ಹೊಡೆದ ಮೇಲೆ ನಮ್ಮ ಅಟೆಂಡರು ಅದನ್ನು ಕಂಕುಳಲ್ಲಿಟ್ಟುಕೊಂಡು ಕೋಣೆಯಿಂದ ಕೋಣೆಗೆ ಬರುತ್ತಿದ್ದ. ಬಾಗಿಲಲ್ಲೇ ನಿಂತು, ಮಕ್ಕಳ ಮುಂದೆಯೇ, "ಸಾರ್, ಈ ವಾರದ ತಪ್ಪು," ಎನ್ನುತ್ತಿದ್ದ. ಇನ್ನೂ ಆರು ಬಾಗಿಲು ತಿರುಗಬೇಕಲ್ಲ ಎನ್ನುವ ಬೇಸರ ಅವನ ಮುಖದ ಮೇಲೆ ಇರುತ್ತಿತ್ತು.

ನಾವು ಬರೆದೆವು. ಗಣಿತದ ಮೇಡಂ, "ಮಕ್ಕಳ ಮೇಲೆ ಅತಿಯಾದ ಪ್ರೀತಿ" ಎಂದು ಬರೆದು, ಕಲಿತ ಪಾಠದ ಕಾಲಂನಲ್ಲಿ "ಕಡಿಮೆ ಮಾಡಿಕೊಳ್ಳುವುದು" ಎಂದು ಬರೆದರು. ಡ್ರಿಲ್ ಮೇಷ್ಟ್ರು, "ಊಟದ ಬಿಡುವಿನಲ್ಲೂ ಕೆಲಸ ಮಾಡಿದೆ" ಎಂದು ಒಪ್ಪಿಕೊಂಡರು. ಭಾಷೆಯ ಮೇಷ್ಟ್ರಾದ ನಾನು, "ಬೇರೆಯವರ ತಪ್ಪನ್ನು ಬೇಗ ಕ್ಷಮಿಸಿಬಿಡುತ್ತೇನೆ" ಎಂದು ಬರೆದೆ. ಹೆಡ್ ಮಾಸ್ಟರು ಪ್ರತಿ ವಾರವೂ, "ನನ್ನ ತಪ್ಪು ಯಾವುದೆಂದು ಹುಡುಕುತ್ತಿದ್ದೇನೆ" ಎಂದು ಬರೆದು ಉದ್ದನೆಯ ಸಹಿ ಹಾಕುತ್ತಿದ್ದರು. ನಾಲ್ಕು ವಾರ ಕಳೆಯುವಷ್ಟರಲ್ಲಿ ಪುಸ್ತಕ ಓದಿದವರಿಗೆ ನಮ್ಮ ಮೇಲೆ ಗೌರವ ಹೆಚ್ಚಾಗುವ ಹಾಗಿತ್ತು.

ಇದನ್ನು ಕೆಡಿಸಿದವರು ನಮ್ಮ ವಿಜ್ಞಾನದ ಮೇಷ್ಟ್ರು. ಮಕ್ಕಳು ಅವರನ್ನು ಡಸ್ಟರ್ ಮೇಷ್ಟ್ರು ಎನ್ನುತ್ತಾರೆ, ನಾವೂ ಹಾಗೇ ಎನ್ನುತ್ತೇವೆ. ಬೋರ್ಡು ಒರೆಸಿದ ಡಸ್ಟರನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾರೆ, ಕರ್ಚೀಫನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಾರೆ. ದಾರಿಯಲ್ಲಿ ಬೆವರು ಒರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು ಮನೆ ಸೇರುತ್ತಾರೆ. ಕೇಡು ಬಗೆಯುವ ಮನುಷ್ಯನಲ್ಲ. ಅದೇ ನೋಡಿ ತೊಂದರೆ.

ನಮ್ಮಲ್ಲಿ ಪಠ್ಯಪುಸ್ತಕ ಹಿಡಿದು ಪಾಠ ಮಾಡುವ ಪದ್ಧತಿಯಿಲ್ಲ. ಹೆಡ್ ಮಾಸ್ಟರು ಹಿಂದೆ ವಿಜ್ಞಾನ ಹೇಳಿಕೊಡುತ್ತಿದ್ದಾಗ ಕೈಯಾರೆ ಬರೆದ ನೋಟ್ಸು ಇದೆ. ಅದರ ಜೆರಾಕ್ಸಿನ ಜೆರಾಕ್ಸಿನಿಂದ ಡಸ್ಟರ್ ಮೇಷ್ಟ್ರು ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದರು. ಪಠ್ಯಪುಸ್ತಕವೂ ವ್ಯರ್ಥವಾಗಿರಲಿಲ್ಲ. ಸ್ಟಾಫ್ ರೂಮಿನ ಮೇಜಿನ ಒಂದು ಕಾಲು ಗಿಡ್ಡ. ಪುಸ್ತಕ ಅದರ ಕೆಳಗಿತ್ತು.

ಒಂದು ದಿನ ಡಸ್ಟರ್ ಮೇಷ್ಟ್ರು ಕನ್ನಡಕ ಹುಡುಕುತ್ತ ಮೇಜಿನ ಕೆಳಗೆ ಬಗ್ಗಿದರು. ಕನ್ನಡಕ ತಲೆಯ ಮೇಲೇ ಇತ್ತು. ಬಗ್ಗಿದಾಗ ಅದು ಜಾರಿ ಮೂಗಿನ ಮೇಲೆ ಕೂತಿತು, ಎದುರಿಗೆ ಪುಸ್ತಕ ಕಂಡಿತು. ಎಳೆದು ತೆಗೆದರು. ನನ್ನ ಟೀ ಚೆಲ್ಲಿತು. ಅವರು ಅಲ್ಲೇ ನೆಲದ ಮೇಲೆ ಕೂತು ಓದತೊಡಗಿದರು.

"ಮೇಷ್ಟ್ರೇ, ಬೇಸಿಗೆ ಯಾಕೆ ಬರುತ್ತೆ?" ಎಂದು ಕೇಳಿದರು ಸ್ವಲ್ಪ ಹೊತ್ತಾದ ಮೇಲೆ.

"ರಜೆ ಕೊಡ್ಬೇಕಲ್ಲ, ಅದಕ್ಕೆ," ಎಂದೆ ನಾನು, ಪ್ಯಾಂಟು ಒರೆಸಿಕೊಳ್ಳುತ್ತ.

"ತಮಾಷೆ ಬೇಡ. ಸೂರ್ಯ ಹತ್ತಿರ ಬರೋದ್ರಿಂದ ಅಂತ ನೋಟ್ಸಲ್ಲಿದೆ. ಪುಸ್ತಕದಲ್ಲಿ ಹಾಗಿಲ್ಲ. ಭೂಮಿ ಓರೆಯಾಗಿರೋದ್ರಿಂದ ಅಂತಿದೆ. ಹನ್ನೊಂದು ವರ್ಷದಿಂದ ನಾನು ತಪ್ಪು ಹೇಳಿಕೊಟ್ಟಿದ್ದೀನಿ."

"ಹೇಳಿಕೊಟ್ಟಿದ್ದು ಆಯ್ತಲ್ಲ. ಪುಸ್ತಕ ವಾಪಸ್ ಇಡಿ, ಮೇಜು ಅಲ್ಲಾಡ್ತಿದೆ."

ಇಡಲಿಲ್ಲ. ಬೀರು ತೆಗೆದು ಅರ್ಧವಾರ್ಷಿಕ ಪರೀಕ್ಷೆಯ ಕಟ್ಟು ಬಿಚ್ಚಿದರು. ಒಂದು ಉತ್ತರಪತ್ರಿಕೆ ಎತ್ತಿ ನನ್ನ ಮುಂದಿಟ್ಟರು. ಒಬ್ಬ ಹುಡುಗಿಯ ಪತ್ರಿಕೆ. ಅವಳ ಅಪ್ಪ ದೂರದ ಹಡಗಿನಲ್ಲಿ ಅಡುಗೆ ಮಾಡುವವನು, ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಹುಡುಗಿ ಬರೆದಿದ್ದಳು: "ಸೂರ್ಯ ಹತ್ತಿರ ಬಂದರೆ ಇಡೀ ಭೂಮಿಗೆ ಒಟ್ಟಿಗೇ ಬೇಸಿಗೆ ಬರಬೇಕು. ಆದರೆ ನಮಗೆ ಸೆಕೆ ಇದ್ದಾಗ ನಮ್ಮಪ್ಪ ಇರುವ ಕಡೆ ಚಳಿ. ಅಪ್ಪ ಸ್ವೆಟರ್ ಹಾಕಿಕೊಂಡಿದ್ದೇನೆ ಅಂತ ಫೋನಲ್ಲಿ ಹೇಳಿದ್ದಾರೆ. ಆದ್ದರಿಂದ ಭೂಮಿ ಓರೆಯಾಗಿರುವುದೇ ಕಾರಣ." ಅದರ ಮೇಲೆ ಎರಡು ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಡಸ್ಟರ್ ಮೇಷ್ಟ್ರ ಕೈಬರಹ: "ಪಾಠದಲ್ಲಿ ನಿಮ್ಮಪ್ಪನ ಸ್ವೆಟರ್ ಇಲ್ಲ. ಸೊನ್ನೆ."

ನಾನು ನಕ್ಕೆ. ಅವರು ನಗಲಿಲ್ಲ.

"ಒಟ್ಟು ಐವತ್ತೆಂಟು ಬಂದಿದೆ ಅವಳಿಗೆ," ಎಂದರು. "ಅರವತ್ತು ಬಂದಿದ್ರೆ ಎ ವಿಭಾಗ. ಈ ಎರಡು ಅಂಕ ನಾನು ಕಿತ್ಕೊಂಡೆ."

ನಮ್ಮಲ್ಲಿ ಅರವತ್ತು ಮುಟ್ಟಿದವರೆಲ್ಲ ಎ ವಿಭಾಗ. ಅವರಿಗೆ ಫ್ಯಾನಿದೆ, ಪ್ರಯೋಗಾಲಯವಿದೆ, ಮುಂದೆ ವಿಜ್ಞಾನ ಓದುವ ಅರ್ಹತೆಯಿದೆ. ಉಳಿದವರು ಬಿ ವಿಭಾಗ. ಅವರು ಕೂರುವುದು ಮುರಿದ ಸ್ಟೂಲುಗಳನ್ನು ಪೇರಿಸಿಟ್ಟ ಹಿಂದಿನ ಕೋಣೆಯಲ್ಲಿ, ಮೇಷ್ಟ್ರು ಬಿಡುವಿದ್ದಾಗ ಹೋಗುತ್ತಾರೆ. ಅಲ್ಲಿಂದ ಇಲ್ಲಿಗೆ ಬಂದವರನ್ನು ನಾನು ಕಂಡಿಲ್ಲ.

ಮಾರನೆಯ ದಿನ ಡಸ್ಟರ್ ಮೇಷ್ಟ್ರು ಎ ವಿಭಾಗಕ್ಕೆ ಹೋಗಿ, "ಮಕ್ಕಳೇ, ನಾನು ಹೇಳಿಕೊಟ್ಟಿದ್ದು ತಪ್ಪು. ನನ್ನಿಂದ ತಪ್ಪಾಯ್ತು," ಎಂದರು. ಒಬ್ಬ ಎದ್ದು, "ಸಾರ್, ಇದು ಪರೀಕ್ಷೆಗೆ ಬರುತ್ತಾ?" ಎಂದ. ಇನ್ನೊಬ್ಬಳು, "ಎರಡೂ ಉತ್ತರ ಬರೆದ್ರೆ ನಾಲ್ಕು ಅಂಕ ಕೊಡ್ತೀರಾ ಸಾರ್?" ಎಂದಳು. ಮೇಷ್ಟ್ರು ಒಬ್ಬ ಹುಡುಗನನ್ನು ಮೇಜಿನ ಹತ್ತಿರ ಸೂರ್ಯನಾಗಿ ನಿಲ್ಲಿಸಿ, ತಾವು ಭೂಮಿಯಾಗಿ, ತಲೆ ಓರೆ ಮಾಡಿಕೊಂಡು ಅವನನ್ನು ಸುತ್ತತೊಡಗಿದರು. ಆಗಲೇ ಅಟೆಂಡರು ಕಿಟಕಿಯಲ್ಲಿ ಹಾದುಹೋಗಬೇಕೆ?

ಅವನು ನೇರ ಹೆಡ್ ಮಾಸ್ಟರ ಕೋಣೆಗೆ ಹೋದ. "ಸಾರ್, ಡಸ್ಟರ್ ಮೇಷ್ಟ್ರು ತಪ್ಪಾಯ್ತು ತಪ್ಪಾಯ್ತು ಅಂತ ತಲೆ ವಾಲಿಸ್ಕೊಂಡು ಒಬ್ಬ ಹುಡುಗನ್ನ ಪ್ರದಕ್ಷಿಣೆ ಹಾಕ್ತಿದ್ದಾರೆ," ಎಂದ. ಊಟದ ಬಿಡುವಿನ ಹೊತ್ತಿಗೆ ಈ ಸುದ್ದಿ ಗೇಟು ದಾಟಿ ಹೋಗಿತ್ತು.

ಅಷ್ಟರಲ್ಲಿ ಮೇಷ್ಟ್ರು ಬಿ ವಿಭಾಗಕ್ಕೂ ಹೋಗಿದ್ದರು. ಆ ಹುಡುಗಿಯ ಮುಂದೆ ನಿಂತು, "ಅಮ್ಮಾ, ನಿನ್ನ ಉತ್ತರ ಸರಿ. ತಪ್ಪು ನಂದು ಕಣಮ್ಮ," ಎಂದರಂತೆ. ಹುಡುಗಿ ಪುಸ್ತಕ ಮುಚ್ಚಿಟ್ಟು, ಎದ್ದು, ತಾನಾಗಿಯೇ ಹೋಗಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತುಕೊಂಡಳಂತೆ. ಮೇಷ್ಟ್ರು ತನ್ನ ಮುಂದೆ ಬಂದು ನಿಂತು ತಪ್ಪು ಎಂದ ಮೇಲೆ ಮುಂದೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಅವಳನ್ನು ವಾಪಸ್ ಕೂರಿಸುವುದಕ್ಕೆ ಹತ್ತು ನಿಮಿಷ ಹಿಡಿಯಿತು.

ಶುಕ್ರವಾರ ಬಂತು. ಅಟೆಂಡರು ಪುಸ್ತಕ ತಂದ. ಡಸ್ಟರ್ ಮೇಷ್ಟ್ರು ಅದನ್ನು ತೆಗೆದುಕೊಂಡು ಒಂದೂವರೆ ಪುಟ ಬರೆದರು. ಸೂರ್ಯ, ಭೂಮಿ, ಹನ್ನೊಂದು ವರ್ಷ, ಸ್ವೆಟರು, ಎರಡು ಅಂಕ, ಎಲ್ಲ ಬರೆದರು. ಕಲಿತ ಪಾಠದ ಕಾಲಂನಲ್ಲಿ, "ನೋಟ್ಸು ಬಿಟ್ಟು ಪುಸ್ತಕ ಓದಬೇಕು, ಹುಡುಗಿಯ ಅಂಕ ಸರಿಪಡಿಸಬೇಕು" ಎಂದು ಬರೆದರು.

ಹತ್ತೇ ನಿಮಿಷದಲ್ಲಿ ಕರೆ ಬಂತು. ಜೊತೆಗಿರಲಿ ಎಂದು ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಹೋದರು.

"ಇದನ್ನ ಯಾರು ಬರೆಸಿದ್ದು?" ಎಂದರು ಹೆಡ್ ಮಾಸ್ಟರು.

"ನಾನೇ ಬರೆದೆ ಸಾರ್. ನೀವೇ ಹೇಳಿದ್ರಲ್ಲ, ತಪ್ಪು ಬರೀರಿ ಅಂತ."

"ತಪ್ಪು ಬರೀರಿ ಅಂದೆ. ನಿಜವಾದ ತಪ್ಪು ಬರೀರಿ ಅಂದ್ನಾ? ಹದಿಮೂರು ಜನ ಎಷ್ಟು ಮರ್ಯಾದೆಯಾಗಿ ತಪ್ಪು ಮಾಡಿದ್ದಾರೆ. ನಿಮಗೊಬ್ರಿಗೇ ಏನು ರೋಗ?" ಅವರು ದನಿ ತಗ್ಗಿಸಿದರು. "ನೋಡಿ, ನನಗಿನ್ನು ಎಂಟು ತಿಂಗಳು ಸರ್ವಿಸ್ ಇದೆ. ನಿಮಗೆ ಈ ಕುರ್ಚಿ ಬೇಕಾ? ನೇರವಾಗಿ ಹೇಳಿ."

ಡಸ್ಟರ್ ಮೇಷ್ಟ್ರು ಬಗ್ಗಿ ಕುರ್ಚಿಯನ್ನು ನಾಲ್ಕೂ ಕಡೆಯಿಂದ ನೋಡಿದರು. "ಬೇಡ ಸಾರ್. ನನಗೆ ಮೋಟು ಕೈಯ ಕುರ್ಚಿ ಆಗಲ್ಲ," ಎಂದರು. "ಆ ಹುಡುಗಿಗೆ ಎರಡು ಅಂಕ ಕೊಟ್ರೆ ಸಾಕು."

"ಅವಳಿಗೆ ಕೊಟ್ರೆ, ಸೂರ್ಯ ಹತ್ತಿರ ಬರ್ತಾನೆ ಅಂತ ಬರೆದು ಎರಡು ತಗೊಂಡ ನಲವತ್ತೊಂದು ಜನರದ್ದು ಕಿತ್ಕೋಬೇಕು. ಅರ್ಧ ಎ ವಿಭಾಗ ಬಿ ಆಗುತ್ತೆ. ಅವರಪ್ಪಂದಿರಿಗೆ ನೀವು ಉತ್ತರ ಹೇಳ್ತೀರಾ?"

"ಹೇಳ್ತೀನಿ ಸಾರ್. ತಪ್ಪು ನಂದೇ ಅಂತ ಹೇಳ್ತೀನಿ."

ಹೆಡ್ ಮಾಸ್ಟರು ಹಣೆ ಹಿಡಿದುಕೊಂಡು ನನ್ನ ಕಡೆ ನೋಡಿದರು. "ಮೇಷ್ಟ್ರೇ, ನೀವಾದ್ರೂ ಇವರ ಮನೆಗೆ ಹೋಗಿ ಒಂದು ಮಾತು ಹೇಳಿ."

ಹೋದೆ. ನನಗಿಂತ ಮೊದಲೇ ಸುದ್ದಿ ಹೋಗಿತ್ತು. ಡಸ್ಟರ್ ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಒಳಗೆ ಅವರ ತಮ್ಮ ಯಾವುದೋ ಡಾಕ್ಟರಿಗೆ ಫೋನು ಮಾಡಿ, "ಹೌದು ಡಾಕ್ಟ್ರೇ, ತಲೆ ಎಡಗಡೆಗೇ ವಾಲುತ್ತಂತೆ," ಎನ್ನುತ್ತಿದ್ದ. ಪಕ್ಕದ ಮನೆಯ ಕೋರ್ಟಿನ ಗುಮಾಸ್ತರು ಚಪ್ಪಲಿ ಹಾಕಿಕೊಂಡೇ ಬಂದು ಕೂತಿದ್ದರು.

"ಇಪ್ಪತ್ತೆರಡು ವರ್ಷ ಆಯ್ತಣ್ಣ ಮದುವೆಯಾಗಿ," ಎಂದರು ಹೆಂಡತಿ ನನಗೆ. "ನನ್ನ ಹತ್ರ ಇವರು ಒಂದೇ ಒಂದು ತಪ್ಪು ಒಪ್ಕೊಂಡಿಲ್ಲ. ಗ್ಯಾಸ್ ಆರಿಸದೇ ಹೋದಾಗ್ಲೂ ಒಪ್ಕೊಂಡಿಲ್ಲ. ಈಗ ಊರೋರ ಮುಂದೆ ಒಪ್ಕೊಂಡು ಬಂದಿದ್ದಾರೆ. ರೀ, ನಾನು ಹೊರಗಿನವಳಾ?"

"ಗ್ಯಾಸ್ ನಾನು ಆರಿಸಿದ್ದೆ," ಎಂದರು ಮೇಷ್ಟ್ರು.

ಗುಮಾಸ್ತರು ಗಂಟಲು ಸರಿಮಾಡಿಕೊಂಡರು. "ನಲವತ್ತು ವರ್ಷ ಕೋರ್ಟಲ್ಲಿದ್ದೆ ಸ್ವಾಮಿ. ಕೈಯಲ್ಲಿ ಚಾಕು ಹಿಡ್ಕೊಂಡು ಸಿಕ್ಕವನೂ ತಪ್ಪು ಒಪ್ಕೊಂಡಿದ್ದು ನೋಡಿಲ್ಲ. ಯಾರೂ ಕೇಳದೇ ಇದ್ದಾಗ ಒಪ್ಕೊಂಡ್ರಿ ಅಂದ್ರೆ, ಇದಕ್ಕಿಂತ ದೊಡ್ಡದು ಏನೋ ಮುಚ್ಚಿಡ್ತಿದ್ದೀರಿ. ಅದೇನು ಹೇಳಿಬಿಡಿ, ದಾರಿ ನೋಡೋಣ."

ಮೇಷ್ಟ್ರು ಜೇಬಿನಿಂದ ಡಸ್ಟರು ತೆಗೆದು ಮುಖ ಒರೆಸಿಕೊಂಡರು. ತಪ್ಪಾಗಿತ್ತು ಎಂಬ ಒಂದೇ ಕಾರಣಕ್ಕೆ ಒಬ್ಬ ಮನುಷ್ಯ ಅದನ್ನು ಒಪ್ಪಿಕೊಂಡಿರಬಹುದು ಎಂದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಸತ್ಯ ಹೇಳಬೇಕೆಂದರೆ, ಇವರಿಗೆ ಒಳಗೊಳಗೇ ಬಡ್ತಿಯ ಆಸೆ ಇರಬಹುದು ಎಂದು ನಾನೂ ಅಂದುಕೊಂಡಿದ್ದೆ.

ಸೋಮವಾರ ಎ ವಿಭಾಗದ ಅಪ್ಪಂದಿರು, ಅಮ್ಮಂದಿರು ಗೇಟಿನಲ್ಲಿ ನೆರೆದರು. ಔಷಧಿ ಅಂಗಡಿಯವರು ಮುಂದೆ ನಿಂತು, "ನನ್ನ ಮಗ ಆ ಉತ್ತರವನ್ನ ಬಾಯಿಪಾಠ ಮಾಡೋಕೆ ಎರಡು ದಿನ ಒದ್ದಾಡಿದ್ದಾನೆ. ಈಗ ತಪ್ಪು ಅಂದ್ರೆ ಆ ಶ್ರಮಕ್ಕೆ ಬೆಲೆ ಬೇಡ್ವಾ?" ಎಂದು ಕೂಗಿದರು. ಸೂರ್ಯ ಹತ್ತಿರವೇ ಇರಲಿ ಎಂದು ಎಲ್ಲರೂ ಒಟ್ಟಾಗಿ ಅರ್ಜಿ ಬರೆದು ಸಹಿ ಹಾಕಿ ಕೊಟ್ಟರು. ಮೂವತ್ತೆಂಟು ಸಹಿ ಇತ್ತು. ಇಲಾಖೆ ಸಾಹೇಬರು ಬರಬೇಕಾಗಿದ್ದ ದಿನಕ್ಕಿಂತ ಮುಂಚೆಯೇ ಬರುವಂತಾಯಿತು.

ಸಾಹೇಬರು ಬರುವ ಹಿಂದಿನ ದಿನ ಹುಡುಗಿಯ ಅಮ್ಮ ಸ್ಟಾಫ್ ರೂಮಿಗೆ ಬಂದಳು. ಒಗೆಯುವ ಪುಡಿಯಿಂದ ಬೆರಳೆಲ್ಲ ಸುಲಿದು ಹೋಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾರ್, ಬಿಟ್ಬಿಡಿ ಸಾರ್," ಎಂದಳು ಡಸ್ಟರ್ ಮೇಷ್ಟ್ರಿಗೆ. "ಅವಳಿಗೆ ಎರಡು ಅಂಕ ಬೇಡ. ಅವರಪ್ಪ ಫೋನಲ್ಲಿ ಏನೋ ಬಾಯಿಗೆ ಬಂದಿದ್ದು ಹೇಳಿದ್ರು, ಇವಳು ಅದನ್ನೇ ಬರೆದುಬಿಟ್ಟಿದ್ದಾಳೆ. ಬುದ್ಧಿ ಹೇಳಿದ್ದೀನಿ. ಶಾಲೆಯಿಂದ ಮಾತ್ರ ತೆಗೀಬೇಡಿ."

"ಅವಳನ್ನ ಯಾರೂ ತೆಗೆಯಲ್ಲಮ್ಮ. ಅವಳು ಬರೆದಿದ್ದೇ ಸರಿ."

"ಸರಿ ಇದ್ರೆ ಇಷ್ಟು ಜನ ಯಾಕೆ ಬರ್ತಿದ್ರು ಸಾರ್?" ಎಂದಳು ಅವಳು.

ನಾನು ಟೀ ಕುಡಿಯುತ್ತಿದ್ದೆ, ಕುಡಿದೆ.

ಸಾಹೇಬರು ತೂಕದ ಮನುಷ್ಯ. ಹೆಡ್ ಮಾಸ್ಟರ ಕುರ್ಚಿಯಲ್ಲಿ ಕೂತು ಪುಸ್ತಕ ತರಿಸಿಕೊಂಡು ಪುಟ ತಿರುಗಿಸಿದರು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ನಡಾವಳಿ ಬರೆಯಲು ನನ್ನನ್ನು ಕೂರಿಸಿದ್ದರು. "ಮಕ್ಕಳ ಮೇಲೆ ಅತಿಯಾದ ಪ್ರೀತಿ," ಎಂದು ಓದಿ ಸಾಹೇಬರು ತಲೆದೂಗಿದರು. "ಬೇರೆಯವರ ತಪ್ಪನ್ನು ಬೇಗ ಕ್ಷಮಿಸಿಬಿಡುತ್ತೇನೆ. ಇದು ಯಾರದು? ಬಹಳ ಚೆನ್ನಾಗಿದೆ." ನಾನು ವಿನಯದಿಂದ ತಲೆ ತಗ್ಗಿಸಿದೆ. ಆಮೇಲೆ ಆ ಒಂದೂವರೆ ಪುಟ ಬಂತು. ಸಾಹೇಬರು ಜೇಬಿನಿಂದ ಸ್ಕೇಲು ತೆಗೆದು ಕಾಲಂ ಅಳೆದರು.

"ಎರಡು ಇಂಚಿನ ಜಾಗ ಕೊಟ್ಟಿದ್ರೆ ಒಂದೂವರೆ ಪುಟ ತಪ್ಪು ಬರೆದಿದ್ದೀರಲ್ರೀ," ಎಂದರು. "ನಮೂನೆ ಅಂತ ಒಂದು ಇದೆಯೋ ಇಲ್ವೋ?"

"ತಪ್ಪು ಅಷ್ಟಿತ್ತು ಸಾರ್," ಎಂದರು ಡಸ್ಟರ್ ಮೇಷ್ಟ್ರು. "ನಮೂನೆದು ಇನ್ನೊಂದು ತಪ್ಪು ಅಂತ ಬರೆದುಕೊಳ್ಳಿ. ಆದರೆ ಹುಡುಗಿ ಉತ್ತರ ಸರಿ. ಬೇಕಾದರೆ ಅವಳನ್ನೇ ಕೇಳಿ."

ಹುಡುಗಿಯನ್ನು ಕರೆಸಿದರು. ಸಮವಸ್ತ್ರಕ್ಕೆ ಹೊಸದಾಗಿ ಇಸ್ತ್ರಿ ಹಾಕಿತ್ತು. ಮೇಜಿನಿಂದ ಮೂರು ಹೆಜ್ಜೆ ದೂರ ಕೈಕಟ್ಟಿ ನಿಂತಳು.

"ಹೇಳು ಮಗು, ಬೇಸಿಗೆ ಯಾಕೆ ಬರುತ್ತೆ?" ಎಂದರು ಸಾಹೇಬರು.

ಹುಡುಗಿ ಹೆಡ್ ಮಾಸ್ಟರ ಮುಖ ನೋಡಿದಳು. ಡಸ್ಟರ್ ಮೇಷ್ಟ್ರ ಮುಖ ನೋಡಿದಳು. ನನ್ನ ಪೆನ್ನನ್ನು ನೋಡಿದಳು.

"ಯಾವ ಉತ್ತರ ಬೇಕು ಸಾರ್?" ಎಂದಳು.

"ಯಾವುದು ಅಂದ್ರೆ? ಸರಿಯಾದದ್ದು."

"ಸೂರ್ಯ ಹತ್ತಿರ ಬರೋದ್ರಿಂದ ಬೇಸಿಗೆ ಬರುತ್ತೆ," ಎಂದಳು ಹುಡುಗಿ, ಒಂದಕ್ಷರ ತಡವರಿಸದೆ.

ಡಸ್ಟರ್ ಮೇಷ್ಟ್ರು ಎದ್ದು ನಿಂತರು. "ಅಮ್ಮಾ, ಹೆದರಬೇಡ. ನೀನು ಬರೆದಿದ್ದು ಹೇಳು. ನಿಮ್ಮಪ್ಪನ ಸ್ವೆಟರಿನ ಮಾತು ಹೇಳು."

"ಪಾಠದಲ್ಲಿ ನಮ್ಮಪ್ಪನ ಸ್ವೆಟರ್ ಇಲ್ಲ ಸಾರ್," ಎಂದಳು ಅವಳು. ಅದರಲ್ಲಿ ಕೊಂಕು ಇರಲಿಲ್ಲ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಕಲಿಸಿದ್ದನ್ನು ಒಪ್ಪಿಸಿದಳು, ಅಷ್ಟೇ. ಡಸ್ಟರ್ ಮೇಷ್ಟ್ರು ಮೆಲ್ಲಗೆ ಕೂತರು.

ಸಾಹೇಬರ ಮುಖ ಅರಳಿತು. "ಜಾಣೆ," ಎಂದರು. "ಈಗ ಹುಡುಗಿಗೆ ಸರಿಯಾದ ಉತ್ತರ ಗೊತ್ತಾಗಿದೆ. ತಪ್ಪಿನಿಂದ ಕಲಿಯೋದು ಅಂದ್ರೆ ಇದೇ ತಾನೆ? ವಿಶೇಷ ಪ್ರಕರಣ ಅಂತ ಎರಡು ಅಂಕ ಕೊಟ್ಟು ಎ ವಿಭಾಗಕ್ಕೆ ಹಾಕಿ. ಯಾರ ಅಂಕವನ್ನೂ ತೆಗೆಯೋದು ಬೇಡ. ಮೇಷ್ಟ್ರಿಗೆ ನಮೂನೆ ಮೀರಿದ್ದಕ್ಕೆ ಒಂದು ಎಚ್ಚರಿಕೆ ಪತ್ರ ಕೊಡಿ, ಮುಗೀತು." ನನ್ನ ಕಡೆ ತಿರುಗಿ, "ಬರ್ಕೊಳ್ಳಿ. ವಿದ್ಯಾರ್ಥಿನಿ ತನ್ನ ತಪ್ಪನ್ನು ಒಪ್ಪಿಕೊಂಡಿದ್ದಾಳೆ," ಎಂದರು.

ಬರೆದೆ. ಅಕ್ಷರ ದುಂಡಗೆ ಬಂತು. ನನಗೆ ನಾಚಿಕೆಯಾಯಿತು, ಆದರೆ ನಾಚಿಕೆಗೆಂದು ನಡಾವಳಿಯಲ್ಲಿ ಜಾಗವಿರುವುದಿಲ್ಲ.

ಎಲ್ಲರಿಗೂ ಸಮಾಧಾನವಾಯಿತು. ಹುಡುಗಿಯ ಅಮ್ಮ ಬಂದು ಡಸ್ಟರ್ ಮೇಷ್ಟ್ರಿಗೆ ಕೈಮುಗಿದು, "ನಿಮ್ಮಿಂದಾನೇ ಸಾರ್, ನಮ್ಮ ಹುಡುಗಿ ಎ ವಿಭಾಗ ಸೇರಿದ್ಲು," ಎಂದು ಕಣ್ಣೊರೆಸಿಕೊಂಡು ಹೋದಳು. ಹೆಂಡತಿಯ ತಮ್ಮ ಡಾಕ್ಟರಿಗೆ ಫೋನು ಮಾಡಿ, ತಲೆ ನೆಟ್ಟಗಾಯಿತು ಎಂದು ತಿಳಿಸಿದ. ಪಠ್ಯಪುಸ್ತಕ ಮೇಜಿನ ಕೆಳಗೆ ಹೋಯಿತು, ಟೀ ಚೆಲ್ಲುವುದು ನಿಂತಿತು.

ಮುಂದಿನ ಶುಕ್ರವಾರ ಡಸ್ಟರ್ ಮೇಷ್ಟ್ರು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಅಟೆಂಡರು ಕಾಲು ಬದಲಿಸುತ್ತ ನಿಂತಿದ್ದ. ಕೊನೆಗೆ ಮೇಷ್ಟ್ರು ನನ್ನ ಕಡೆ ಬಾಗಿ, "ಮೇಷ್ಟ್ರೇ, ನಿಮ್ಮ ಹತ್ರ ಯಾವುದಾದ್ರೂ ಸಣ್ಣ ತಪ್ಪು ಇದ್ರೆ ಕೊಡಿ," ಎಂದರು. "ಸಮಯಪಾಲನೆಯಲ್ಲಿ ಅತಿ ಶಿಸ್ತು," ಎಂದು ಬರೆಸಿದೆ. ಎರಡು ಇಂಚಿನಲ್ಲಿ ಸರಿಯಾಗಿ ಕೂತಿತು. ಅದನ್ನು ಓದಿದ ಹೆಡ್ ಮಾಸ್ಟರು ಅವರ ಬೆನ್ನು ತಟ್ಟಿದರಂತೆ.

ಆ ಹುಡುಗಿ ಈಗ ನನ್ನ ತರಗತಿಯಲ್ಲಿ, ಫ್ಯಾನಿನ ಕೆಳಗೆ, ಎರಡನೇ ಬೆಂಚಿನಲ್ಲಿ ಕೂರುತ್ತಾಳೆ. ಮೊನ್ನೆ ನಾನು ಬೋರ್ಡಿನ ಮೇಲೆ ಒಂದು ಪದ್ಯ ಬರೆಯುತ್ತಿದ್ದೆ. ಬಾಯಿಪಾಠವಿದೆ ಎಂಬ ಧೈರ್ಯದಿಂದ ಪುಸ್ತಕ ನೋಡದೆ ಬರೆದೆ. ಬರೆದು ತಿರುಗಿದಾಗ ಮಕ್ಕಳೆಲ್ಲ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಇವಳೊಬ್ಬಳ ಪೆನ್ನು ನಿಂತಿತ್ತು. ಬೆರಳು ಪುಸ್ತಕದ ಒಂದು ಸಾಲಿನ ಮೇಲಿತ್ತು. ಕಣ್ಣು ಬೋರ್ಡಿಗೆ ಹೋಯಿತು, ಪುಸ್ತಕಕ್ಕೆ ಬಂತು, ಮತ್ತೆ ಬೋರ್ಡಿಗೆ ಹೋಯಿತು. ನಾನೂ ಬೋರ್ಡು ನೋಡಿದೆ. ಮೂರನೇ ಸಾಲನ್ನೂ ನಾಲ್ಕನೇ ಸಾಲನ್ನೂ ಹಿಂದುಮುಂದಾಗಿ ಬರೆದಿದ್ದೆ.

ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಕೇಳುತ್ತಾಳೆ ಎಂದುಕೊಂಡೆ. ಕೇಳಲಿ ಎಂದುಕೊಂಡೆನೋ, ಕೇಳದಿದ್ದರೆ ಸಾಕು ಎಂದುಕೊಂಡೆನೋ, ಈಗ ಹೇಳಲಾರೆ. ಅವಳು ಸದ್ದಾಗದಂತೆ ಪುಸ್ತಕ ಮುಚ್ಚಿ, ಬೋರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ, ತಪ್ಪಿಲ್ಲದೆ, ಬರೆದುಕೊಂಡಳು.

ಬಾಗಿಲಲ್ಲಿ ಅಟೆಂಡರು ನಿಂತಿದ್ದ. "ಸಾರ್, ಈ ವಾರದ ತಪ್ಪು," ಎಂದ.

ಪುಸ್ತಕ ತೆಗೆದುಕೊಂಡೆ. ಡಸ್ಟರು ಮೇಜಿನ ಮೇಲೇ ಇತ್ತು. "ಬೇರೆಯವರ ತಪ್ಪನ್ನು ಬೇಗ ಕ್ಷಮಿಸಿಬಿಡುತ್ತೇನೆ" ಎಂದು ಬರೆದು ಸಹಿ ಹಾಕಿದೆ.